ಹಿಮದ ಚಿತ್ರವೂ ಸತ್ಯವೂ

ಕಂಡದ್ದನ್ನು ಕಂಡಂತೆ ಹೇಳುವುದೇ ಸತ್ಯವೆಂದು ಮಕ್ಕಳಿಗೆ ನಾವು ಪಾಠ ಹೇಳುತ್ತೇವಷ್ಟೆ. ಮಾತಿನ ವಿಷಯದಲ್ಲಿ ಈ ಲಕ್ಷಣವು ಬಹುಮಟ್ಟಿಗೆ ಸಾಗುತ್ತದೆ. ಛಾಯಾಚಿತ್ರದ ವಿಷಯದಲ್ಲಿಯೂ ಸಾಗುವುದೇ ಎಂಬುದು ಇಲ್ಲಿಯ ಜಿಜ್ಞಾಸೆ. ಛಾಯಾಚಿತ್ರಗಳಲ್ಲಿ ಹಿಮಪ್ರದೇಶದ ಚಿತ್ರಗಳನ್ನೇ ಉದಾಹರಣೆಗೆ ಆರಿಸಿಕೊಂಡುದಕ್ಕೆ ಕಾರಣವುಂಟು: ಬಿಳುಪನ್ನು ಬಿಳುಪಾಗಿಯೇ ಹಿಡಿಯುವುದು ಕ್ಯಾಮೆರಾಕ್ಕೆ ಬಹು ಕಷ್ಟವಾದ ಕೆಲಸ.

ಯಲಹಂಕ ಹೆಬ್ಬಾಳಗಳ ಕಡೆಯವರಿಗೆ ಹಿಮದ ಗೊಡವೆ ಏಕೆಂದು ವಾಚಕರು ಕೇಳಬಹುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ ೧೮೮೪ನೆಯ ಜನವರಿ ೧೩ರಂದಿನ ೭.೮ ಡಿಗ್ರಿ ಸೆಲ್ಸಿಯಸ್; ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಅದು ಇನ್ನೂ ದೂರ. ಮಾರ್ಗಶಿರ ಪುಷ್ಯಗಳ ಬೆಳಗಿನಲ್ಲಿ ಹೆಬ್ಬಾಳದ ಕೆರೆಯ ಮೇಲೆ ಹಾಸಿಕೊಳ್ಳುವ ಮಂಜೇ ನಮ್ಮ ಪಾಲಿನ ಹಿಮ. ಅದೇ ಮಂಜು ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನಗಳನ್ನು ತಡೆದು ನಿಲ್ಲಿಸುವುದೂ ಉಂಟು. ನಮ್ಮ ನುಡಿಯೂ ಇವೆರಡನ್ನು ಬೇರ್ಪಡಿಸುವ ಗೋಜಿಗೆ ಹೋಗಿಲ್ಲ. ಗಾಳಿಯಲ್ಲಿ ತೇಲುವುದೂ ಮಂಜು, ಬೆಟ್ಟದ ಮೇಲೆ ಬೀಳುವುದೂ ಮಂಜು. ಆದರೆ ಇಂದಿನ ತರುಣರು ರಜೆ ಸಿಕ್ಕಿದೊಡನೆ ಹಿಮಾಚಲಕ್ಕೋ ಕಾಶ್ಮೀರಕ್ಕೋ ಹೋಗಿ, ಹಳೆಯ ಕಾಲದ ಲೆನ್ಸುಗಳನ್ನು ಹೊಸ ಕ್ಯಾಮೆರಾಗಳಿಗೆ ತೊಡಿಸಿ, ಅವುಗಳ ಮುಂದೆ ಫಿಲ್ಟರ್ ಎಂಬ ಬಣ್ಣದ ಗಾಜನ್ನಿಟ್ಟು ಚಿತ್ರಗಳನ್ನು ತೆಗೆದು ತರುತ್ತಾರೆ. ಆದುದರಿಂದ ಹಿಮವು ಈಗ ನಮ್ಮ ಪಡಸಾಲೆಯ ಗೋಡೆಯವರೆಗೂ ಬಂದಿದೆ. ಅದರೊಡನೆ ಪ್ರಶ್ನೆಯೂ ಬಂದಿದೆ.

ಏನೂ ಕೈಹಾಕದೆ, ಯಂತ್ರಕ್ಕೆ ಬಿಟ್ಟುಬಿಟ್ಟರೆ ಬರುವ ಚಿತ್ರವೇ ಸತ್ಯವಾದುದೆಂದು ಹಲವರ ನಂಬಿಕೆ. ಹಿಮದ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನ ಎದುರಿಗಿರುವ ವಸ್ತು ಸಾಧಾರಣವಾದ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲನ್ನು ಹಿಂದಿರುಗಿಸತಕ್ಕದ್ದು ಎಂಬ ಎಣಿಕೆಯ ಮೇಲೆ ನಡೆಯುತ್ತದೆ. ಹೊಸದಾಗಿ ಬಿದ್ದ ಹಿಮವೋ ನೂರಕ್ಕೆ ೮೦ಕ್ಕೂ ಮಿಗಿಲಾಗಿ ಹಿಂದಿರುಗಿಸುತ್ತದೆ. ಯಂತ್ರದ ಮಾತನ್ನು ಹಾಗೆಯೇ ಕೇಳಿದವನಿಗೆ ದೊರೆಯುವುದು ಒಲೆಯ ಬೂದಿಯಂತಹ ಹಿಮ. ಅದು ಬೆಳ್ಳಗೆ ಕಾಣಬೇಕಾದರೆ ಮಾಪಕ ಹೇಳಿದುದರ ಎರಡರಷ್ಟೋ ನಾಲ್ಕರಷ್ಟೋ ಬೆಳಕನ್ನು ಒಳಕ್ಕೆ ಬಿಡಬೇಕು. ಯಂತ್ರವನ್ನು ಅತಿಕ್ರಮಿಸಿದವನೇ ಇಲ್ಲಿ ಸತ್ಯವನ್ನು ಹೇಳಿದಂತಾಯಿತು.

ಹಿಂದಿನ ಕಾಲದ ಫಲಕಗಳ ಕಥೆ ಇನ್ನೂ ವಿಚಿತ್ರ. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲೇಯನು ೧೮೬೬ರಲ್ಲಿ ಹಿಮಾಲಯದ ಮಣಿರಂಗ್ ಘಟ್ಟವನ್ನೇರಿ, ಸುಮಾರು ೧೮,೬೦೦ ಅಡಿಗಳ ಎತ್ತರದಲ್ಲಿ ಚಿತ್ರ ತೆಗೆದನು. ಗಾಜಿಗೆ ರಸಾಯನವನ್ನು ಸ್ಥಳದಲ್ಲಿಯೇ ಬಳಿದು, ಅದು ಆರುವುದರೊಳಗೆ ಚಿತ್ರ ಮುಗಿಸಬೇಕಾಗಿದ್ದ ಕಾಲ ಅದು. ಆ ರಸಾಯನಕ್ಕೆ ನೀಲಿಯ ಕಡೆಯ ಬೆಳಕು ಮಾತ್ರ ಚೆನ್ನಾಗಿ ತಟ್ಟುತ್ತಿತ್ತು, ಕೆಂಪು ತಟ್ಟುತ್ತಲೇ ಇರಲಿಲ್ಲ. ಆದುದರಿಂದ ಗಾಢ ನೀಲಿಯ ಆಕಾಶವೂ ಕಾಗದದ ಮೇಲೆ ಬಿಳುಪಾಗಿಯೇ ಇಳಿಯುತ್ತಿತ್ತು. ಬಿಳಿಯ ಶಿಖರದ ಹಿಂದೆ ಬಿಳಿಯ ಆಕಾಶ! ಬೋರ್ನನು ಯಾವ ಬಣ್ಣದ ಗಾಜನ್ನೂ ಇಡದಿದ್ದರೂ ಅವನ ಫಲಕವೇ ಒಂದು ಫಿಲ್ಟರಾಗಿತ್ತೆಂದು ಹೇಳಬಹುದು.

ಇದಕ್ಕೆ ಪ್ರತಿಯಾದ ಉದಾಹರಣೆ ಅಮೆರಿಕದ್ದು. ೧೯೨೭ನೆಯ ಏಪ್ರಿಲ್ ೧೦ರಂದು ಆನ್ಸೆಲ್ ಆಡಮ್ಸ್ ಎಂಬ ತರುಣನು ಯೊಸೆಮಿಟಿ ಕಣಿವೆಯಲ್ಲಿ ಹಿಮದ ನಡುವೆ ಹತ್ತಿ ಹೋಗಿ, ಹಾಫ್ ಡೋಮ್ ಎಂಬ ಮಹಾಶಿಲೆಯ ಎದುರಿಗೆ ಕ್ಯಾಮೆರಾವನ್ನು ನಿಲ್ಲಿಸಿದನು. ಉಳಿದಿದ್ದ ಫಲಕಗಳು ಎರಡೇ. ಮೊದಲನೆಯದನ್ನು ವಾಡಿಕೆಯಂತೆ ಹಳದಿಯ ಗಾಜಿನಿಂದ ತೆಗೆದನು. ತೆಗೆದೊಡನೆ, ಆ ಬಂಡೆಯ ಮುಂದೆ ತನಗಾದ ಅನುಭವ ಅದರಲ್ಲಿ ಬಾರದೆಂದು ಅವನಿಗೆ ತೋರಿತು. ಕಡೆಯ ಫಲಕಕ್ಕೆ ಗಾಢ ಕೆಂಪು ಗಾಜನ್ನಿಟ್ಟನು. ಕೆಂಪು ಗಾಜು ನೀಲಿಯ ಬೆಳಕನ್ನು ತಡೆಯುವುದರಿಂದ ಆಕಾಶವು ಬಹುಮಟ್ಟಿಗೆ ಕಪ್ಪಾಯಿತು; ಹಿಮವು ಅದರೆದುರಿಗೆ ಬೆಳಗಿತು. ಜಗತ್ಪ್ರಸಿದ್ಧವಾದದ್ದು ಈ ಎರಡನೆಯ ಚಿತ್ರ.

ಹಳೆಯ ಲೆನ್ಸುಗಳ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಜಪಾನಿನ ಸೂಪರ್ ಟಕುಮಾರ್ ಲೆನ್ಸುಗಳಲ್ಲಿ ಕೆಲವಕ್ಕೆ ಥೋರಿಯಂ ಬೆರೆತ ಗಾಜನ್ನು ಬಳಸಿದ್ದರು. ಆ ಗಾಜು ದಶಕಗಳು ಕಳೆದಂತೆ ತಾನೇ ಹಳದಿಯಾಗುತ್ತದೆ. ಬಿಸಿಲಿನಲ್ಲಿಟ್ಟರೆ ಬಹಳ ದಿನಗಳ ಮೇಲೆ ಮತ್ತೆ ತಿಳಿಯಾಗುತ್ತದೆ. ವಯಸ್ಸಾದ ಕಣ್ಣೂ ಹೀಗೆಯೇ ತುಸು ಹಳದಿಯಾಗಿಯೇ ಲೋಕವನ್ನು ನೋಡುತ್ತದೆಯೆಂದು ವೈದ್ಯರು ಹೇಳುತ್ತಾರೆ. ಹಾಗೆಂದು ಮುದುಕರ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ತಳ್ಳಿಹಾಕಿದ್ದಿಲ್ಲ.

ನಮ್ಮ ಶಾಸ್ತ್ರಕಾರರು ಈ ತೊಡಕನ್ನು ಕಾವ್ಯದ ವಿಷಯದಲ್ಲಿ ಹಿಂದೆಯೇ ಚರ್ಚಿಸಿದ್ದಾರೆ. ವಸ್ತುವನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಸ್ವಭಾವವೇ ಅಲಂಕಾರವಾದರೆ ಅಲಂಕರಿಸತಕ್ಕ ವಸ್ತು ಯಾವುದು ಎಂದು ಕುಂತಕನು ಆಕ್ಷೇಪಿಸಿದನು. ತರ್ಕದಲ್ಲಿ ಕುಂತಕನ ಕೈ ಮೇಲಾಗಿ ಕಂಡರೂ, ಬೂದಿಯಾಗಿ ಬರುತ್ತಿದ್ದ ಹಿಮವನ್ನು ಬೆಳ್ಳಗೆ ತರುವ ಕಷ್ಟವನ್ನು ನೋಡಿದ ಮೇಲೆ ನಾನು ದಂಡಿಯ ಪಕ್ಷ. ಇದ್ದಂತೆ ಹೇಳುವುದಕ್ಕೂ ಕೌಶಲ ಬೇಕು. ಇನ್ನು ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಚಿತ್ರಗಳನ್ನು ಸತ್ಯ, ವೈಣಿಕ, ನಾಗರ, ಮಿಶ್ರ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಲೋಕಸಾದೃಶ್ಯವುಳ್ಳದ್ದು ಸತ್ಯ. ಉಳಿದ ಮೂರನ್ನು ಅಸತ್ಯವೆಂದು ಕರೆಯಲಿಲ್ಲವೆಂಬುದನ್ನು ಗಮನಿಸಬೇಕು.

ಇಷ್ಟರಿಂದ ಫಿಲ್ಟರ್ ನಿರ್ದೋಷಿಯೆಂದು ತೀರ್ಪು ಕೊಟ್ಟುಬಿಡಬಹುದಾಗಿತ್ತು. ಆದರೆ ಒಂದು ಸಂಗತಿ ಅಡ್ಡ ಬರುತ್ತದೆ. ಛಾಯಾಗ್ರಾಹಕರು ತಮ್ಮ ಪರವಾಗಿ ಹೇಳುವ ಮುಖ್ಯ ವಾದವೇನೆಂದರೆ—ಫಿಲ್ಟರ್ ಇಲ್ಲದುದನ್ನು ಸೇರಿಸುವುದಿಲ್ಲ, ಇದ್ದುದರಲ್ಲಿ ಕೆಲವನ್ನು ತಡೆಯುತ್ತದೆ ಅಷ್ಟೆ. ಮಾತು ನಿಜ. ಆದರೆ ದ್ರೋಣಪರ್ವದಲ್ಲಿ ಧರ್ಮರಾಯನು ಮಾಡಿದ್ದೂ ಅಷ್ಟೆಯೆ! ಅಶ್ವತ್ಥಾಮನೆಂಬ ಆನೆ ಸತ್ತಿದ್ದುದು ನಿಜ. ಆನೆಯೆಂಬ ಒಂದು ಪದವನ್ನು ಮಾತ್ರ ಕೇಳಿಸದಂತೆ ನುಡಿದನು. ಸೇರಿಸಿದ್ದು ಏನೂ ಇಲ್ಲ. ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ಅವನ ರಥವು ಆ ಕ್ಷಣದಲ್ಲಿ ನೆಲಕ್ಕಿಳಿಯಿತು.

ನನ್ನ ಹಳೆಯ ಶಿಷ್ಯನೊಬ್ಬನು ಹಿಮಾಚಲದಲ್ಲಿ ಕೆಂಪು ಗಾಜಿನಿಂದ ತೆಗೆದ ಕಪ್ಪುಬಿಳುಪಿನ ಚಿತ್ರವೊಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾನೆ. ತೆಗೆದದ್ದು ಮಟಮಟ ಮಧ್ಯಾಹ್ನ. ಮಂಡಿನೋವಿನಿಂದ ಹೊಸ್ತಿಲು ದಾಟದ ಅವನ ತಾಯಿ ಅದನ್ನು ನೋಡಿ, "ಹುಣ್ಣಿಮೆ ರಾತ್ರಿ ತೆಗೆದೆಯೇನೋ ಮಗು?" ಎಂದು ಕೈಮುಗಿದರಂತೆ. "ಹೂಂ ಅಂದುಬಿಟ್ಟೆ ಮೇಷ್ಟ್ರೇ, ಅದು ತಪ್ಪೇ?" ಎಂದು ಅವನು ಕೇಳಿದನು. ಗಾಜನ್ನಿಟ್ಟದ್ದು ತಪ್ಪಲ್ಲ, ಹೂಂ ಎಂದದ್ದು ತಪ್ಪು ಎಂದೆನು. ಆಕೆ ಇನ್ನು ಹಿಮಾಲಯವನ್ನು ಕಾಣುವವರಲ್ಲ. ಆ ಚಿತ್ರವೇ ಅವರ ಹಿಮಾಲಯ. ಕೇಳುವವರಿಗೆ ಬೇರೆ ಪ್ರಮಾಣವಿಲ್ಲದಿದ್ದಾಗ ಹೇಳುವವನ ಹೊಣೆ ಹೆಚ್ಚುತ್ತದೆ.

ಮನೆಯೊಳಗಿನ ಮಾತು ಇದು; ಊರಿನ ಮಾತು ಇದಕ್ಕಿಂತ ದೊಡ್ಡದು. ನಮ್ಮ ನಗರದ ಆಗ್ನೇಯದಲ್ಲಿರುವ ಬೆಳ್ಳಂದೂರು ಕೆರೆಯಲ್ಲಿ ಹಿಮದಂತಹ ಬಿಳುಪು ಎದ್ದುದನ್ನು ಎಲ್ಲರೂ ಬಲ್ಲರು. ಬಟ್ಟೆ ಪಾತ್ರೆಗಳನ್ನು ತೊಳೆಯುವ ಪುಡಿಗಳು ಬೆರೆತ ಕೊಳಚೆನೀರು ಕೆರೆಗೆ ಸೇರಿ, ಕೋಡಿಯಲ್ಲಿ ಧುಮುಕಿ ಕಡೆದಂತಾಗಿ ಆಳೆತ್ತರದ ನೊರೆಯಾಗಿ ರಸ್ತೆಗೆ ಹಾರುತ್ತಿತ್ತು. ಅದನ್ನು ತಡೆಯಲು ಜಾಲರಿಯನ್ನು ಕಟ್ಟಬೇಕಾಯಿತು. ೨೦೧೫ನೆಯ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. ದೂರದಿಂದ ತೆಗೆದ ಅದರ ಚಿತ್ರಗಳು ಕಾಶ್ಮೀರದವೆಂದರೆ ನಂಬುವಂತಿದ್ದುವು. ಆಲಂಕಾರಿಕರ ಭ್ರಾಂತಿಮದಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು! ಆ ನೊರೆಯ ಕಂದು ಕಲೆಯನ್ನು ತುಸು ನೀಲಿಯಿಂದ ಮರೆಮಾಡಿ, ದಡದ ಮನೆಗಳನ್ನು ಚೌಕಟ್ಟಿನಿಂದ ಹೊರಗಿಟ್ಟು, "ಬೆಂಗಳೂರಿನ ಹಿಮ" ಎಂದು ಹೆಸರಿಟ್ಟರೆ, ಸೇರಿಸಿದ್ದು ಏನೂ ಇಲ್ಲದೆಯೇ, ದುರ್ಗಂಧಕ್ಕೆ ಕಿಟಕಿ ಮುಚ್ಚಿಕೊಂಡು ಕುಳಿತಿರುವ ಜನರ ಮೊರೆಯನ್ನು ಅಡಗಿಸಿದಂತಾಗುತ್ತದೆ. ಆಡಮ್ಸನ ಕೆಂಪು ಗಾಜಿಗೂ ಈ ನೀಲಿಗೂ ಯಂತ್ರಶಾಸ್ತ್ರದಲ್ಲಿ ಭೇದವಿಲ್ಲ. ಭೇದವಿರುವುದು ತಡೆದುದು ಯಾರಿಗೆ ಬೇಕಾಗಿತ್ತು ಎಂಬುದರಲ್ಲಿ. ಆಕಾಶದ ನೀಲಿಯನ್ನು ಕಳೆದುಕೊಂಡು ಯಾರೂ ಕೆಡಲಿಲ್ಲ.

ಛಾಯಾಗ್ರಾಹಕರ ಅಂತರರಾಷ್ಟ್ರೀಯ ಸಂಘಗಳು ಇದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಪ್ರದರ್ಶನಗಳಲ್ಲಿ ನಿಸರ್ಗವಿಭಾಗವೆಂದು ಬೇರೆ ಇಟ್ಟು, ಅಲ್ಲಿ ದೃಶ್ಯದಲ್ಲಿದ್ದುದನ್ನು ತೆಗೆಯುವುದನ್ನೂ ಇಲ್ಲದುದನ್ನು ಸೇರಿಸುವುದನ್ನೂ ನಿಷೇಧಿಸಿದ್ದಾರೆ. ಕಲಾವಿಭಾಗದಲ್ಲಿ ಅದೇ ಕೆಲಸಕ್ಕೆ ಅಡ್ಡಿಯಿಲ್ಲ. ಚಿತ್ರಸೂತ್ರದ ವಿಂಗಡಣೆಯೇ ಮತ್ತೊಂದು ವೇಷದಲ್ಲಿ ಬಂದಂತಿದೆ. ಆದರೆ ಮನೆಯ ಗೋಡೆಗೂ ಕೈಯಿಂದ ಕೈಗೆ ಹಾರುವ ಫೋನಿನ ಚಿತ್ರಗಳಿಗೂ ವಿಭಾಗಗಳಿಲ್ಲ. ಅಲ್ಲಿ ಚಿತ್ರದ ಕೆಳಗೆ ಊರು, ಮಾಸ, ಹೊತ್ತು, ಇಟ್ಟ ಗಾಜು ಇವನ್ನು ಒಂದು ಸಾಲಿನಲ್ಲಿ ಬರೆಯುವುದೇ ಸಾಕೆಂದು ನನ್ನ ಅಭಿಪ್ರಾಯ.

ಹೀಗೆ ಬರೆದರೆ ರಸಭಂಗವಾಗುವುದೆಂದು ಶಿಷ್ಯನ ಗೆಳೆಯರು ವಾದಿಸಿದರು. ಅವರಿಗೆ ಮೇಘದೂತವನ್ನು ನೆನಪಿಗೆ ತಂದೆನು. ಮೋಡವೆಂದರೆ ಹೊಗೆ, ಬೆಳಕು, ನೀರು, ಗಾಳಿಗಳ ಒಂದು ಗುಂಪು, ಅದು ಸಂದೇಶವನ್ನು ಹೊರಲಾರದು ಎಂಬುದನ್ನು ಕಾಳಿದಾಸನು ಬಚ್ಚಿಡಲಿಲ್ಲ. ಕಾವ್ಯದ ಆರಂಭದಲ್ಲಿಯೇ ಹೇಳಿದನು. ಹೇಳಿಯಾದ ಮೇಲೆ ಅದನ್ನು ಅಲಕಾಪುರಿಗೆ ಕಳುಹಿಸಿದನು.