ಕಣ್ಣು ಹಾಕಿದ್ದು, ಕಣ್ಣು ಕೊಟ್ಟದ್ದು

ಅಪ್ಪನ ಬೀರುವಿನಲ್ಲಿ 312 ಸಿನಿಮಾಗಳಿದ್ದವು. ಈಗ 275 ಇವೆ.

2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಹಳ್ಳ ಒಡ್ಡು ಒಡೆದು ವಿಜಯವಾಡದೊಳಕ್ಕೆ ನುಗ್ಗಿತು. ಮರುದಿನ ಪ್ರಕಾಶಂ ಬ್ಯಾರೇಜಿನಿಂದ ಕೃಷ್ಣೆ 11.43 ಲಕ್ಷ ಕ್ಯೂಸೆಕ್ಸ್ ಆಗಿ ಇಳಿದಳು. 1957ರಲ್ಲಿ ಆ ಬ್ಯಾರೇಜು ಮುಗಿದ ಮೇಲೆ ಅಷ್ಟು ನೀರನ್ನು ಅದು ಕಂಡಿರಲಿಲ್ಲ. ಭವಾನಿಪುರಂನ ತಗ್ಗಿನ ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ನಮ್ಮ ಮನೆಯೊಳಗೆ ಮೊಣಕಾಲಿನವರೆಗೆ ಬಂದು, ಬೀರುವಿನ ಕೆಳಖಾನೆಯನ್ನು ತುಂಬಿತು. ಅಲ್ಲಿದ್ದ ವಿಸಿಡಿಗಳ ಕಾಗದದ ಹೊದಿಕೆಗಳು ಕೆಸರಿನಲ್ಲಿ ನೆನೆದು ತಟ್ಟೆಗಳಿಗೆ ಅಂಟಿಕೊಂಡಿದ್ದವು. ಒಣಗಿಸಿ ಬಿಡಿಸಿದಾಗ ಕಾಗದದ ಜೊತೆ ಬೆಳ್ಳಿ ಬಣ್ಣದ ಪೊರೆಯೂ ಎದ್ದು ಬಂತು. ಸಿನಿಮಾ ಇರುವುದು ನಾವು ಜೋಪಾನವಾಗಿ ಒರೆಸುವ ಹೊಳೆಯುವ ಕಡೆಯಲ್ಲಿ ಎಂದು ನಾನು ತಿಳಿದಿದ್ದೆ. ಅದು ಇರುವುದು ಹೆಸರು ಅಚ್ಚಾದ ಕಡೆ, ತೆಳು ವಾರ್ನಿಷಿನ ಕೆಳಗಿನ ಅಲ್ಯುಮಿನಿಯಂ ಪದರದಲ್ಲಿ. ಹಾಗೆ 37 ಸಿನಿಮಾಗಳು ನನ್ನ ಕೈಯಲ್ಲೇ ಸಿಪ್ಪೆ ಸುಲಿದುಹೋದವು. ಅವುಗಳಲ್ಲಿ ಹೆಚ್ಚಿನವನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅಪ್ಪ ರೈಲ್ವೆಯಲ್ಲಿದ್ದರು. 2003ರಲ್ಲಿ ನೈರುತ್ಯ ರೈಲ್ವೆ ಹುಟ್ಟುವ ತನಕ ಹುಬ್ಬಳ್ಳಿಯೂ ವಿಜಯವಾಡವೂ ದಕ್ಷಿಣ ಮಧ್ಯ ರೈಲ್ವೆಯ ಕೆಳಗೇ ಇದ್ದವು. ವರ್ಗವಾಗಿ ಬಂದವರು ಇಲ್ಲೇ ಬೇರು ಬಿಟ್ಟರು. ವರ್ಷಕ್ಕೆರಡು ಸಲ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿ ಬರುವಾಗ ಚೀಲದಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಅವುಗಳ ನಡುವೆ ಕನ್ನಡ ಸಿನಿಮಾ. ತೆಲುಗಿನವು ಇಲ್ಲಿನ ಗಾಂಧಿನಗರದಲ್ಲಿ ಸಿಗುತ್ತಿದ್ದವು. ಬೆಂಗಳೂರಿನ ಹಾಗೆ ವಿಜಯವಾಡದಲ್ಲೂ ಸಿನಿಮಾ ಹಂಚಿಕೆದಾರರ ಬೀದಿಗೆ ಗಾಂಧಿನಗರವೆಂದೇ ಹೆಸರು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲೆ ಬೀರು ನೋಡನೋಡುತ್ತ ತುಂಬಿತು. ತಂದದ್ದಕ್ಕೆಲ್ಲ ಅಪ್ಪ ನಂಬರು ಬರೆದು, ಡೈರಿಯಲ್ಲಿ ಪಟ್ಟಿ ಮಾಡಿಡುತ್ತಿದ್ದರು. ‘ರಿಟೈರ್ ಆದ ಮ್ಯಾಲ ಎಲ್ಲಾ ಕುಂತು ನೋಡೂದು’ ಎನ್ನುತ್ತಿದ್ದರು. ರಿಟೈರಾಗಿ ಎರಡು ವರ್ಷಕ್ಕೆ ಹೋಗಿಬಿಟ್ಟರು.

ನೆರೆ ಇಳಿದ ತಿಂಗಳಲ್ಲಿ ನಾನೊಂದು ನಿಶ್ಚಯ ಮಾಡಿದೆ. ಉಳಿದ 275ನ್ನೂ ಬೀರುವಿನಲ್ಲಿ ಇರುವ ಸಾಲಿನಲ್ಲೇ, ಒಂದನ್ನೂ ಬಿಡದೆ, ಒಂದನ್ನೂ ಅರ್ಧಕ್ಕೆ ನಿಲ್ಲಿಸದೆ ನೋಡುವುದು. ನೋಡಿದ ಮರುದಿನ ಲಾಂಗ್ ಬುಕ್ಕಿನಲ್ಲಿ ಅದರ ಬಗ್ಗೆ ಒಂದು ಪುಟ ಬರೆಯುವುದು. ಇದರಿಂದ ಏನು ಬಂತು ಎಂದು ಕೇಳುವವರು ಬಹಳ ಮಂದಿ. ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕೆಂದು ನನಗನ್ನಿಸುತ್ತದೆ, ಏಕೆಂದರೆ ಅದರ ಒಳಗೆ ಇನ್ನೊಂದು ಪ್ರಶ್ನೆ ಇದೆ: ನೋಡದೆ ಇಟ್ಟುಕೊಂಡ ಸಿನಿಮಾ ನಮ್ಮದು ಹೇಗಾಗುತ್ತದೆ?

ನಮ್ಮ ಭಾಷೆ ಇಲ್ಲಿ ಒಂದು ಸೂಕ್ಷ್ಮ ಹೇಳುತ್ತದೆ. ಕೇಳುವುದಕ್ಕೆ ನಾವು ಕಿವಿಗೊಡು ಎನ್ನುತ್ತೇವೆ, ಒಪ್ಪಿಸಿಕೊಳ್ಳುವುದಕ್ಕೆ ಮನಗೊಡು ಎನ್ನುತ್ತೇವೆ. ಕಿವಿಯನ್ನೂ ಮನಸ್ಸನ್ನೂ ಕೊಡುತ್ತೇವೆ. ಕಣ್ಣನ್ನು ಮಾತ್ರ ಹಾಕುತ್ತೇವೆ. ಒಂದರ ಮೇಲೆ ಕಣ್ಣು ಹಾಕುವುದೆಂದರೆ ಅದು ತನಗೆ ಬೇಕೆಂದು ಆಸೆಪಡುವುದು. ಬೀರು ತುಂಬಿದ್ದು ಕಣ್ಣು ಹಾಕಿದ್ದರಿಂದ. ಅದರಲ್ಲಿ ತಪ್ಪೇನಿಲ್ಲ, ಆಸೆಯಿಲ್ಲದೆ ಯಾವ ಕಲೆಯ ಹತ್ತಿರವೂ ಯಾರೂ ಸುಳಿಯುವುದಿಲ್ಲ. ಆದರೆ ಆಸೆ ಮುಗಿಯುವುದು ವಸ್ತು ಕೈಗೆ ಬಂದ ಗಳಿಗೆಯಲ್ಲಿ. ನೋಟ ಶುರುವಾಗುವುದು ಆಮೇಲೆ. ಈ ನಡುವಿನ ಅಂತರವನ್ನು ನಾವು ದಾಟುವುದೇ ಇಲ್ಲ.

ಇನ್ನು ವಿಮರ್ಶೆ ಎಂಬ ಮಾತು. ನಮಗದು ಪತ್ರಿಕೆಯ ಶುಕ್ರವಾರದ ಅಂಕಣ, ಐದಕ್ಕೆ ಎರಡೂವರೆ ನಕ್ಷತ್ರ. ಆದರೆ ಆ ಪದ ಬಂದದ್ದು ಬಹಳ ದೂರದಿಂದ. ಹತ್ತನೆಯ ಶತಮಾನದ ಕಾಶ್ಮೀರದ ಶೈವ ಚಿಂತಕ ಉತ್ಪಲದೇವ ಅರಿವಿಗೆ ಎರಡು ಮುಖ ಹೇಳಿದ. ವಸ್ತು ಬೆಳಗುವುದು ಪ್ರಕಾಶ. ಬೆಳಗಿದ್ದು ತನಗೆ ಕಂಡಿತೆಂದು ಅರಿವು ತನ್ನತ್ತ ತಿರುಗಿಕೊಳ್ಳುವುದು ವಿಮರ್ಶ. ಎರಡನೆಯದು ಇಲ್ಲದಿದ್ದರೆ ಪ್ರಕಾಶವೂ ಸ್ಫಟಿಕದಷ್ಟೇ ಜಡ ಎಂದು ಅವನ ವಾದ. ಸ್ಫಟಿಕದ ಮುಂದೆ ಕೆಂಪು ಹೂವಿಟ್ಟರೆ ಅದು ಕೆಂಪಾಗುತ್ತದೆ, ತೆಗೆದರೆ ಬಿಳಿಯಾಗುತ್ತದೆ, ಅದಕ್ಕೆ ಏನೂ ಆಗಿರುವುದಿಲ್ಲ. ಪರದೆಯ ಮೇಲೆ ಎರಡೂವರೆ ಗಂಟೆ ಬೆಳಕು ಆಡಿ ಹೋದಾಗ ನಮ್ಮಲ್ಲೂ ಬಹಳ ಸಲ ಆಗುವುದು ಇಷ್ಟೇ. ಹಾಗಾಗಿ ಸಿನಿಮಾದ ಬಗ್ಗೆ ಬರೆಯುವುದು ನೋಡಿ ಮುಗಿದ ಮೇಲಿನ ಇನ್ನೊಂದು ಕೆಲಸ ಎಂದು ನಾನು ಒಪ್ಪುವುದಿಲ್ಲ. ನೋಡುವುದು ಮುಗಿಯುವುದೇ ಅಲ್ಲಿ. ನನ್ನ ಪುಸ್ತಕದಲ್ಲಿ ಅಂಕವಿಲ್ಲ, ನಕ್ಷತ್ರವಿಲ್ಲ. ಅಂಕ ಕೊಟ್ಟ ತಕ್ಷಣ ಮಾತು ನಿಂತುಬಿಡುತ್ತದೆ.

ಅವ್ವನ ತಕರಾರು ಬೇರೆ. ‘ಚೊಲೊ ಇಲ್ಲ ಅಂತ ಗೊತ್ತಾದ ಮ್ಯಾಲೂ ಯಾಕ ಪೂರ್ತಿ ನೋಡ್ತಿ?’ ಸರಿಯಾದ ಪ್ರಶ್ನೆ. ಬಾಳು ಚಿಕ್ಕದು, ಕೆಟ್ಟ ಸಿನಿಮಾ ಉದ್ದ. ಆದರೆ ಹತ್ತು ನಿಮಿಷದಲ್ಲಿ ನನಗೆ ಗೊತ್ತಾಗುವುದು ಏನು? ಇದು ನಾನು ಮೊದಲು ನೋಡಿದ ಇನ್ನಾವುದೋ ಕೆಟ್ಟ ಸಿನಿಮಾದ ಹಾಗಿದೆ ಎಂಬುದಷ್ಟೇ. ಆ ತೀರ್ಪು ಹಳೆಯ ಸಿನಿಮಾದ್ದು. 88ನೆಯ ನಂಬರಿನ ತೆಲುಗು ಚಿತ್ರ ಎರಡು ತಟ್ಟೆ ಮುಗಿಯುವವರೆಗೂ ಸಪ್ಪೆಯಾಗಿತ್ತು. ಮೂರನೆಯ ತಟ್ಟೆಯಲ್ಲಿ, ಅತ್ತೆಯ ಪಾತ್ರದ ನಟಿ ಸೊಸೆ ಉಂಡೆದ್ದ ಬಾಳೆಲೆಯನ್ನು ಮಡಚುವಾಗ, ಅರ್ಧಕ್ಕೇ ಬಿಟ್ಟ ಅನ್ನ ಕಂಡು ಒಂದು ಗಳಿಗೆ ಕೈ ನಿಲ್ಲಿಸುತ್ತಾಳೆ. ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಸಿನಿಮಾ ಒಳ್ಳೆಯದಾಗಲಿಲ್ಲ. ಆದರೆ ಆ ಕೈಗೆ ನಾನೊಂದು ಪುಟ ಕೊಟ್ಟೆ, ಅದು ನ್ಯಾಯವಾಗಿ ಸಲ್ಲಬೇಕಾದದ್ದು. ಇಷ್ಟವಾದದ್ದನ್ನೇ ಆರಿಸಿ ನೋಡುತ್ತ ಹೋದರೆ ನನಗೆ ಮತ್ತೆ ಮತ್ತೆ ಕಾಣುವುದು ನನ್ನ ರುಚಿಯೇ. ಫೋನಿನಲ್ಲಿ ಮುಗಿಯದ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತ ಕೂತವನಿಗೆ ‘ಎಲ್ಲವನ್ನೂ ನೋಡುವುದು’ ಎಂಬ ಮಾತಿಗೆ ಅರ್ಥವೇ ಇಲ್ಲ. ಬೀರುವಿಗೆ ತಳವಿದೆ, ಕೊನೆಯಿದೆ. ಅದಕ್ಕೇ ಅದರ ಮುಂದೆ ಹೊಣೆ ಹೊರಬಹುದು.

ನಿಯಮ ಹಾಕಿಕೊಂಡು ಕೂತರೆ ರಸ ಸತ್ತುಹೋಗುವುದಿಲ್ಲವೇ? ಈ ಆಕ್ಷೇಪಕ್ಕೆ ನಾನು ಬಹಳ ದಿನ ತಡಕಾಡಿದೆ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೆಸರಿಸುತ್ತಾನೆ. ಅದರಲ್ಲೊಂದು, ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿರುವುದು. ಅದನ್ನು ಬಿಡಿಸಲೆಂದೇ ರಂಗಕ್ಕೆ ಹಾಡು, ವಾದ್ಯ, ಮಂಟಪದ ಅಲಂಕಾರ. ಟಾಕೀಸಿನಲ್ಲಿ ದೀಪ ಆರುವುದೂ ಅದನ್ನೇ ಮಾಡುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಗ್ಯಾಸಿನವನು ಬಾಗಿಲು ಬಡಿಯುತ್ತಾನೆ. ಅಲ್ಲಿ ಆ ಮಂಟಪದ ಕೆಲಸ ಮಾಡುವುದು ನಿಯಮವೇ: ಇದೇ ಹೊತ್ತು, ಇದೇ ಸಾಲು, ಎದ್ದು ಹೋಗುವಂತಿಲ್ಲ.

ನಿಯಮವೊಂದೇ ಸಾಲದು ಎಂಬುದನ್ನೂ ಹೇಳಬೇಕು. 1972ರ ‘ಬಂಗಾರದ ಮನುಷ್ಯ’ ನೋಡಿ ನಾನು ಮೂರು ಪುಟ ಬರೆದೆ. ವಾರ ಬಿಟ್ಟು ಓದಿದರೆ ಅಲ್ಲಿ ಸಿನಿಮಾ ಇರಲೇ ಇಲ್ಲ. ಕೊನೆಯಲ್ಲಿ ನಾಯಕ ರಾಜೀವ ತಾನು ಕಟ್ಟಿದ ಮನೆಯಿಂದ ಸದ್ದಿಲ್ಲದೆ ಎದ್ದು ನಡೆಯುವಾಗ ಹಿಂದೊಮ್ಮೆ ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದೇ ಮೂರೂ ಪುಟಗಳ ತುಂಬ. ಅಭಿನವಗುಪ್ತ ಹೇಳಿದ ವಿಘ್ನ ನಾನೇ ಆಗಿದ್ದೆ. ಆ ಪುಟಗಳನ್ನು ಹರಿಯಲಿಲ್ಲ. ಇನ್ನೊಮ್ಮೆ ನೋಡಿದೆ. ಆಗ ಕಂಡಿತು, ಅದು ದುಡಿಮೆಯನ್ನು ನಂಬಿದ ಚಿತ್ರ. ಕಲ್ಲುಭೂಮಿಯನ್ನು ಹಸನು ಮಾಡುವ ಭಾಗಗಳಲ್ಲಿ ಅದಕ್ಕಿರುವ ಹುರುಪು ಮನೆಯೊಳಗಿನ ಜಗಳಗಳಲ್ಲಿ ಇಲ್ಲ. ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಆದರೂ ಇದು ನನ್ನ ತೀರ್ಪು.

ಅಪ್ಪ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿದ್ದ ಜೋಡಿಯೊಂದಿತ್ತು: ‘ಬೇಡರ ಕಣ್ಣಪ್ಪ’ ಮತ್ತು ‘ಕಾಳಹಸ್ತಿ ಮಹಾತ್ಮ್ಯಂ’. ಎರಡೂ 1954ರವು, ಎರಡರ ನಿರ್ದೇಶಕರೂ ಎಚ್.ಎಲ್.ಎನ್. ಸಿಂಹ, ಎರಡರಲ್ಲೂ ಕಣ್ಣಪ್ಪ ರಾಜ್‌ಕುಮಾರ್. ಅವರು ನಟಿಸಿದ ತೆಲುಗು ಚಿತ್ರ ಅದೊಂದೇ. ಕೃಷ್ಣಾ ತೀರದಲ್ಲಿ ಕನ್ನಡ ಮಾತಾಡುತ್ತ ಬದುಕಿದವನಿಗೆ ಈ ಎರಡನ್ನೂ ಒಂದೇ ಕಟ್ಟಿನಲ್ಲಿಡಬೇಕು ಅನ್ನಿಸಿದ್ದು ನನಗೆ ಅರ್ಥವಾಗುತ್ತದೆ. ಬೆನ್ನುಬೆನ್ನಿಗೆ ಎರಡು ರಾತ್ರಿ ನೋಡಿದೆ. ಶಾಸ್ತ್ರ ಬಲ್ಲ ಪೂಜಾರಿಗೆ ಲಿಂಗ ದಿನವೂ ಎದುರಿಗಿದೆ, ಅದರ ಕಣ್ಣಲ್ಲಿ ರಕ್ತ ಬಂದಾಗ ತನ್ನ ಕಣ್ಣು ಕಿತ್ತು ಇಡುವವನು ಬೇಡ. ನಾನು ಹುಡುಕುತ್ತಿದ್ದ ಮಾತು ಈ ಕತೆಯಲ್ಲೇ ಇತ್ತು. ಕಣ್ಣು ಹಾಕುವವರ ನಡುವೆ ಕಣ್ಣು ಕೊಟ್ಟವನಿಗೆ ಕಣ್ಣಪ್ಪ ಎಂದು ಹೆಸರು.

ಈ ಕೆಲಸಕ್ಕೆ ನನ್ನನ್ನು ಇಷ್ಟು ಗಟ್ಟಿಯಾಗಿ ಹಿಡಿದಿಟ್ಟಿರುವುದು ಇನ್ನೊಂದು ಸಂಗತಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ನಿರ್ದೇಶಿಸಿದವರು ವೈ.ವಿ. ರಾವ್, ನೆಲ್ಲೂರಿನವರು. 1970ರ ‘ಸಂಸ್ಕಾರ’ ಮಾಡಿದ ಪಟ್ಟಾಭಿರಾಮ ರೆಡ್ಡಿಯವರೂ ನೆಲ್ಲೂರಿನವರೇ. ಕನ್ನಡ ಸಿನಿಮಾದ ಎರಡು ಬಾಗಿಲುಗಳನ್ನು ತೆರೆದವರು ಈ ಆಂಧ್ರದ ನೆಲದಿಂದ ಬಂದರು. ಎರಡನೆಯದನ್ನು ಇಂದೂ ನೋಡಬಹುದು. ಮೊದಲನೆಯದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ‘ಸತಿ ಸುಲೋಚನಾ’ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಪರದೆಯ ಮೇಲೆ ಹೇಗೆ ಕಂಡರು ಎಂಬುದಕ್ಕೆ ಈಗ ನಮಗಿರುವ ಆಧಾರ ಕೆಲವು ಸ್ಥಿರಚಿತ್ರಗಳು, ಆಗ ಯಾರೋ ನೋಡಿ ಹೇಳಿದ, ಬರೆದಿಟ್ಟ ಮಾತುಗಳು. ಅಂದು ಬೆಂಗಳೂರಿನಲ್ಲಿ ಅದನ್ನು ನೋಡಿದ ಇನ್ನಷ್ಟು ಜನ ಮನೆಗೆ ಹೋಗಿ ಒಂದೊಂದು ಪುಟ ಬರೆದಿದ್ದರೆ ನಾವು ಇಷ್ಟು ಬಡವರಾಗಿರುತ್ತಿರಲಿಲ್ಲ.

ನಮ್ಮ ಬೀರು ಮುಳುಗಿದ ಅದೇ ದಿನಗಳಲ್ಲಿ ನಡೆಯುತ್ತಿದ್ದ ವೆನಿಸ್ ಚಿತ್ರೋತ್ಸವದಲ್ಲಿ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿ ತೋರಿಸಿದರು. ಅದರ ಮೂಲ ನೆಗೆಟಿವ್ ಅನ್ನು ಯಾರೋ ಜೋಪಾನ ಮಾಡಿದ್ದರಿಂದ ಅದು ಸಾಧ್ಯವಾಯಿತು. ಮನೆಯಲ್ಲಿ ನಾವು ನೆಗೆಟಿವ್ ಕಾಪಾಡಲಾರೆವು. ನೋಟವನ್ನು ಕಾಪಾಡಬಲ್ಲೆವು.

ನೀರಿಗೆ ಹೋದ 37ರ ಹೆಸರುಗಳು ಅಪ್ಪನ ಡೈರಿಯಲ್ಲಿವೆ. ಅವುಗಳಲ್ಲಿ ಎಷ್ಟೋ ಬೇರೆ ಕಡೆ ಸಿಗುತ್ತವೆ, ಸಿಕ್ಕಾಗ ನೋಡುತ್ತೇನೆ. ನಿನ್ನೆ ಬರೆದದ್ದು 198ನೆಯ ಸಿನಿಮಾದ ಪುಟ. ಇನ್ನು 77 ಬಾಕಿ. ಪ್ಲೇಯರಿನ ಲೆನ್ಸು ದಣಿದಿದೆ, ಕೆಲವು ತಟ್ಟೆಗಳನ್ನು ಮೂರು ಸಲ ಹಾಕಿದರೆ ಓದುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಬೀರು ಇರಬಹುದು, ಅಟ್ಟದ ಮೇಲೆ ಕ್ಯಾಸೆಟ್ಟಿನ ಡಬ್ಬ ಇರಬಹುದು. ಈ ವಾರವೇ ಒಂದನ್ನು ತೆಗೆದು ಪೂರ್ತಿ ನೋಡಿ, ನೋಡಿದ್ದನ್ನು ಬರೆದಿಡಿ. ಕೆಳಖಾನೆಯಿಂದ ಶುರು ಮಾಡಿ.