ಉಣ್ಣದ ಹಕ್ಕಿಗೆ ಎಷ್ಟು ಜಾಗ?

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳು ಬರುತ್ತವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತಿರುತ್ತದೆ. ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೆ ಈ ಎರಡನೆಯ ಹಕ್ಕಿಯ ಪರಿಚಯ ಚೆನ್ನಾಗಿಯೇ ಇದೆ. ಲಿನಕ್ಸ್ ಯಂತ್ರ ಬೂಟ್ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು ಅದಕ್ಕೆಂದು ಎತ್ತಿಡುತ್ತಾರೆ. ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶವಾದ ಕರ್ನಲ್ಲಿನ ಜೊತೆಗೆ, ಅಲ್ಲಿ ಇನ್ನೊಂದು ಕರ್ನಲ್ ಮಲಗಿರುತ್ತದೆ. ದಿನನಿತ್ಯದ ಕೆಲಸ ಒಂದೂ ಅದರದಲ್ಲ. ಮೊದಲ ಕರ್ನಲ್ ಕುಸಿದ ಗಳಿಗೆಯಲ್ಲಿ ಎದ್ದು, ಅದರ ಮೆಮೊರಿಯಲ್ಲಿ ಏನೇನಿತ್ತೆಂದು ಬರೆದಿಡುವುದಷ್ಟೇ ಅದರ ಪಾಲಿನ ಕೆಲಸ.

ಇದರ ಹೆಸರು ಕೆಡಂಪ್. 2005ರಲ್ಲಿ ಲಿನಕ್ಸ್ ಕರ್ನಲ್ಲಿನ 2.6.13ನೆಯ ಆವೃತ್ತಿಯೊಳಗೆ ಸೇರಿದ ಈ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಐಬಿಎಂನ ಬೆಂಗಳೂರು ಕಚೇರಿಯ ಎಂಜಿನಿಯರುಗಳೂ ಇದ್ದರು. ಹಿಂದಿನ ಉಪಾಯಗಳಲ್ಲಿ, ಸಾಯುತ್ತಿರುವ ಕರ್ನಲ್ಲೇ ತನ್ನ ಸಾವಿನ ಮಹಜರು ಬರೆಯಬೇಕಿತ್ತು. ಬುದ್ಧಿ ಕೆಟ್ಟವನ ಕೈಯಲ್ಲಿ ಲೇಖನಿ ಕೊಟ್ಟಂತೆ! ಡಿಸ್ಕಿನಲ್ಲಿದ್ದ ಒಳ್ಳೆಯ ದತ್ತಾಂಶವನ್ನೇ ಅದು ಅಳಿಸಿಬಿಟ್ಟರೆ ಗತಿಯೇನು?

ಮಾಡುವವನೇ ಸಾಕ್ಷಿಯಾಗಬಲ್ಲನೇ ಎಂಬುದು ವೇದಾಂತದ ಹಳೆಯ ಪ್ರಶ್ನೆ. ಅದ್ವೈತದ ಸಾಕ್ಷಿ ನಿರ್ವಿಕಾರ, ಯಾವ ಕ್ರಿಯೆಯೂ ಅದಕ್ಕೆ ಅಂಟದು. ಮಧ್ವರ ಸಾಕ್ಷಿ ಆಯಾ ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುತ್ತದೆ, ಬಂದ ಜ್ಞಾನ ನಿಜವೋ ಅಲ್ಲವೋ ಎಂದು ತೂಗಿ ನೋಡುತ್ತದೆ. ಕೆಡಂಪ್ ಅಂಟದಿರುವ ಗುಣವನ್ನು ಅಲ್ಲಿಂದ, ಒಬ್ಬೊಬ್ಬರಿಗೂ ಅವರದೇ ಸಾಕ್ಷಿ ಎಂಬುದನ್ನು ಇಲ್ಲಿಂದ ಎರವಲು ಪಡೆದಂತಿದೆ. ತೂಗಿ ನೋಡುವ ಕೆಲಸವನ್ನು ಮಾತ್ರ ಎಂಜಿನಿಯರಿಗೆ ಬಿಟ್ಟಿದೆ. ಆದರೆ ಎರಡೂ ಮತಗಳಿಗೆ ಬೇಕಾಗದ ಪ್ರಶ್ನೆಯೊಂದು ಇಲ್ಲಿ ಎದುರಾಗುತ್ತದೆ: ಸಾಕ್ಷಿಯನ್ನು ಸಾಕಲು ಎಷ್ಟು ಬೇಕು?

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಿಗೆ ಕೊಡುವ ಲೆಕ್ಕ ಹೀಗಿದೆ: 1ರಿಂದ 4 ಗಿಗಾಬೈಟ್ ಮೆಮೊರಿಗೆ 192 ಮೆಗಾಬೈಟ್, 64ರವರೆಗೆ 256, ಅದರಾಚೆ ಎಷ್ಟಿದ್ದರೂ 512. ಸತ್ತವನ ನೆನಪನ್ನೆಲ್ಲ ಸಾಕ್ಷಿ ತನ್ನೊಳಗೆ ತುಂಬಿಕೊಳ್ಳಬೇಕಿಲ್ಲ. ಆ ನೆನಪು ಇದ್ದಲ್ಲೇ ಇರುತ್ತದೆ. ನಿಂತು ನೋಡಲು, ಬರೆಯಲು ಎಡೆಯಿದ್ದರೆ ಸಾಕು. ಜಾಗ ನುಂಗುವುದು ಡ್ರೈವರುಗಳು. ಬರೆದಿಟ್ಟದ್ದನ್ನು, ಅಂದರೆ ಡಂಪನ್ನು, ನೆಟ್‌ವರ್ಕಿನಲ್ಲಿ ಬೇರೆ ಯಂತ್ರಕ್ಕೆ ಕಳಿಸಬೇಕೆಂದರೆ ಇನ್ನಷ್ಟು ಬೇಕು. ಕಮ್ಮಿ ಬಿದ್ದರೆ ಎರಡನೆಯ ಕರ್ನಲ್ಲೂ ಅರ್ಧ ಬರೆದು ಸಾಯುತ್ತದೆ.

ಕುಸಿದ ಮೇಲೆ ಜಾಗ ತೆರವು ಮಾಡಿಕೊಂಡರಾಗದೆ? ಆಗದು. ಕರ್ನಲ್ ಸತ್ತ ಸುದ್ದಿ ನೆಟ್‌ವರ್ಕ್ ಕಾರ್ಡಿಗೆ ಮುಟ್ಟಿರುವುದಿಲ್ಲ. ಮೊದಲು ತೋರಿಸಿದ್ದ ಮೆಮೊರಿ ವಿಳಾಸಗಳಿಗೆ ಅದು ಪ್ಯಾಕೆಟ್ಟುಗಳನ್ನು ಸುರಿಯುತ್ತಲೇ ಇರಬಹುದು. ಜ್ಞಾನ ಬಂದ ಮೇಲೂ ದೇಹ ಏಕೆ ಉಳಿಯುತ್ತದೆಂದು ಹೇಳುವಾಗ ಸಾಂಖ್ಯಕಾರಿಕೆ ಕುಂಬಾರನ ಚಕ್ರವನ್ನು ನೆನೆಯುತ್ತದೆ: ಹಳೆಯ ವೇಗ ಮುಗಿಯುವತನಕ ಅದು ತಿರುಗುತ್ತಿರುತ್ತದೆ. ಅಂಥ ಚಕ್ರದ ಏಟು ತಾಗದ ಮೂಲೆಯನ್ನು ಯಂತ್ರ ಬದುಕಿರುವಾಗಲೇ ಬೇರೆ ಮಾಡಿಡಬೇಕು.

ಹಣ ಹಾಕಿದವರಿಗೆ ಇದು ದಂಡವೆನಿಸಿದರೆ ಆಶ್ಚರ್ಯವಿಲ್ಲ. ಸಾವಿರ ವರ್ಚುವಲ್ ಯಂತ್ರಗಳಿಗೆ ತಲಾ 256 ಮೆಗಾಬೈಟ್ ಎಂದರೆ 250 ಗಿಗಾಬೈಟ್; ಕುಸಿತವೇ ಬರದಿದ್ದರೆ ಅಷ್ಟೂ ವರ್ಷಗಟ್ಟಲೆ ಖಾಲಿ. ಎತ್ತಿಟ್ಟದ್ದು ಸಾಲುತ್ತದೆಯೇ ಎಂದು ಕಾಗದದ ಮೇಲೆ ಪೂರ್ತಿ ತಿಳಿಯುವುದೂ ಇಲ್ಲ. ಹಾಗಾಗಿ ಅನುಭವಿಗಳು ಕೆಲಸಕ್ಕಿಳಿಸುವ ಮುನ್ನವೇ ಯಂತ್ರವನ್ನು ಒಮ್ಮೆ ಬೇಕೆಂದೇ ಕೊಲ್ಲುತ್ತಾರೆ. ಸಿಸ್‌ಆರ್‌ಕ್ಯೂ ಟ್ರಿಗರ್ ಎಂಬ ಕಡತಕ್ಕೆ ‘ಸಿ’ ಎಂಬ ಒಂದೇ ಅಕ್ಷರ ಬರೆದರೆ ಸಾಕು, ಕರ್ನಲ್ ಬೀಳುತ್ತದೆ. ಯಂತ್ರ ಮತ್ತೆ ಎದ್ದ ಮೇಲೆ ಅವರು ಮೊದಲು ತೆರೆಯುವುದು ಕ್ರ್ಯಾಶ್ ಫೋಲ್ಡರನ್ನು, ಡಂಪ್ ಪೂರ್ತಿ ಬಂದಿದೆಯೋ ನಡುವೆ ನಿಂತಿದೆಯೋ ಎಂದು ನೋಡಲು.