ಇಂದಿನ ಧಮ್ಮ ಚಿಂತನೆ: ಹುಲ್ಲು ಹೊದಿಸುವ ಕ್ರಮ

 

ಹಳೇ ಪೊಲೀಸ್ ಕೇಸನ್ನು ವಕೀಲರನ್ನು ಹಿಡಿದು ತೆಗೆಸಿಹಾಕುವುದು ಧಮ್ಮಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ನಮ್ಮ ಬಳಗದಲ್ಲಿ ಬಂದಿತ್ತು. ಮಾಡಿದ ಕರ್ಮವನ್ನು ಯಾವ ಕೋರ್ಟೂ ಅಳಿಸಲಾರದು, ಸುಮ್ಮನೆ ಯಾಕೆ ಖರ್ಚು ಎಂದರು ಒಬ್ಬರು. ಆದದ್ದನ್ನು ಆಗಿಲ್ಲ ಅನ್ನಿಸುವುದು ಮುಸಾವಾದವಲ್ಲವೇ, ನಾಲ್ಕನೆಯ ಶೀಲ ಎಲ್ಲಿ ಹೋಯಿತು ಎಂದರು ಇನ್ನೊಬ್ಬರು. ಎರಡೂ ತಳ್ಳಿಹಾಕುವ ಮಾತಲ್ಲ. ಇವತ್ತಿನದು ಸ್ವಲ್ಪ ಉದ್ದವಿದೆ, ಕಾಫಿ ಕುಡಿಯುತ್ತಾ ಓದಿ.

ಮೊದಲು ಕಾನೂನಿನ ಮಾತು. ಹಳೇ ಕ್ರಿಮಿನಲ್ ದಾಖಲೆಯನ್ನು ಅಳಿಸಲೆಂದೇ ನಮ್ಮ ದೇಶದಲ್ಲಿ ಒಂದು ಸಾಮಾನ್ಯ ಕಾಯ್ದೆಯಿಲ್ಲ. ಇರುವುದು ಬಿಡಿಬಿಡಿ ದಾರಿಗಳು. ಮಕ್ಕಳ ವಿಷಯದಲ್ಲಿ ಕಾನೂನು ಉದಾರವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ, ಘೋರ ಅಪರಾಧದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶಮಾಡಬೇಕು. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಗಲುವುದಿಲ್ಲ. ಉಳಿದವರು ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಿಕೊಳ್ಳಬೇಕು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 528.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಪುಸ್ತಕದಿಂದಲ್ಲ. ನಮ್ಮ ಶಾಲೆಯ ಒಬ್ಬ ಹುಡುಗನ ತಂದೆಯ ಕೇಸಿನಿಂದ. ಗುರುತು ಸಿಗದ ಹಾಗೆ ಹೇಳುತ್ತೇನೆ. ತುರುವೇಕೆರೆ ಸೀಮೆಯ ದಾಯಾದಿಗಳು. ಬದುವಿನ ಮೇಲೊಂದು ತೆಂಗಿನಮರ. ಬಿದ್ದ ಕಾಯಿ ಯಾರದು ಎಂದು ಶುರುವಾದ ಮಾತು ಬೆಳೆದು, ಇಪ್ಪತ್ತೊಂದು ವರ್ಷದ ಈತ ದೊಡ್ಡಪ್ಪನ ಮೇಲೆ ಮಚ್ಚು ಬೀಸಿದ. ಮುಂಗೈಗೆ ಹೊಲಿಗೆ ಬಿತ್ತು. ಐಪಿಸಿ 324. ಇವನು ಬೆಂಗಳೂರು ಸೇರಿ ಡ್ರೈವರ್ ಆದ, ಕೋರ್ಟಿಗೆ ಬರುವುದನ್ನು ಬಿಟ್ಟ, ವಾರಂಟ್ ಆಯಿತು, ಕೇಸು ಹಾಗೇ ಕೂತಿತು. ಅಟ್ಟಕ್ಕೆ ಹಾಕಿದ ಕಾಯಿಯಾದರೆ ಹತ್ತು ಹನ್ನೊಂದು ತಿಂಗಳಿಗೆ ಒಳಗೊಳಗೇ ಒಣಗಿ ಚಿಪ್ಪು ಬಿಡುತ್ತದೆ. ದಾಯಾದಿ ಜಗಳಕ್ಕೆ ಆ ಗುಣವಿಲ್ಲ. ಹದಿನೇಳು ವರ್ಷದ ಮೇಲೆ ಒಂದು ಕಂಪನಿ ಪೊಲೀಸ್ ವೆರಿಫಿಕೇಷನ್ ಕೇಳಿದಾಗ ಅದು ಎದ್ದು ಬಂತು.

ವಕೀಲರು ನೇರವಾಗಿ ಹೇಳಿದರು: “ಅಳಿಸೋಕಾಗಲ್ಲ ಕಣಪ್ಪ, ರದ್ದು ಮಾಡಿಸ್ತೀನಿ. ಈ ಕಲಮಿಗೆ ಇಲ್ಲೇ ರಾಜಿ ಆಗಲ್ಲ, ಹೈಕೋರ್ಟಿಗೇ ಹೋಗಬೇಕು. ಮೊದಲು ನಿನ್ನ ದೊಡ್ಡಪ್ಪನ್ನ ಒಪ್ಪಿಸು.”

ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಊರಿನ ಹಿರಿಯರು ಕೂತು ಮಾತಾಡಿದರು, ಒಪ್ಪಿದರು. ಅಫಿಡವಿಟ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬಿಡಿಸಿ ಹೇಳಲು ಮೇಷ್ಟ್ರು ಬೇಕೆಂದು ನನ್ನನ್ನು ಕರೆದರು. ಮೂರನೆಯ ಪ್ಯಾರಾಕ್ಕೆ ಬಂದೆ. “ತಪ್ಪು ತಿಳುವಳಿಕೆಯಿಂದ ನಾನು ಈ ದೂರು ಕೊಟ್ಟಿದ್ದೆ.” ಇಂಥ ಕಾಗದಗಳಲ್ಲಿ ಮಾಮೂಲಾಗಿ ಬರುವ ಸಾಲು ಅದು. ಅಜ್ಜ ಅಂಗಿಯ ತೋಳು ಸರಿಸಿ ಕೈ ಮುಂದೆ ಹಿಡಿದರು.

“ಈ ಹೊಲಿಗೆ ತಪ್ಪು ತಿಳುವಳಿಕೆಯಿಂದ ಬಿದ್ದವಾ ಮೇಷ್ಟ್ರೇ? ಸೈನ್ ಹಾಕ್ತೀನಿ, ಕೇಸು ಬೇಡ. ಇವನು ಹೊಡೀಲಿಲ್ಲ ಅಂತ ಮಾತ್ರ ನನ್ನ ಕೈಲಿ ಬರೆಸಬೇಡಿ.”

ನನಗೆ ಆಗ ನೆನಪಾದದ್ದು ವಿನಯದ ತಿಣವತ್ಥಾರಕ. ಸಂಘದ ವ್ಯಾಜ್ಯಗಳನ್ನು ಬಗೆಹರಿಸಲು ಭಗವಾನರು ಏಳು ಕ್ರಮಗಳನ್ನು ಹೇಳಿದ್ದಾರೆ. ಕೊನೆಯದು ಇದು, ಹುಲ್ಲು ಹೊದಿಸುವ ಕ್ರಮ. ಭಿಕ್ಷುಗಳು ಎರಡು ಗುಂಪಾಗಿ ಕಚ್ಚಾಡಿ, ಯಾರು ಎಷ್ಟು ತಪ್ಪು ಮಾಡಿದರೆಂದು ಲೆಕ್ಕ ಹಾಕುತ್ತಾ ಹೋದರೆ ಜಗಳ ಇನ್ನೂ ಹೆಚ್ಚುತ್ತದೆ ಎನ್ನುವ ಹಂತ ಬಂದಾಗ, ಎಲ್ಲರೂ ಒಂದೆಡೆ ಸೇರಬೇಕು. ಒಂದು ಕಡೆಯ ಸಮರ್ಥ ಭಿಕ್ಷು ಎದ್ದು ಕೈಮುಗಿದು, ನಾವು ಶ್ರಮಣರಿಗೆ ತಕ್ಕುದಲ್ಲದ್ದನ್ನು ಬಹಳ ಆಡಿದ್ದೇವೆ, ಬಹಳ ಮಾಡಿದ್ದೇವೆ ಎಂದು ತಮ್ಮವರೆಲ್ಲರ ಪರವಾಗಿ ಒಪ್ಪಿಕೊಳ್ಳುತ್ತಾನೆ. ಇನ್ನೊಂದು ಕಡೆಯವನೂ ಹಾಗೆಯೇ. ಅಲ್ಲಿಗೆ ಮುಗಿಯಿತು. ಗಲೀಜಿನ ಮೇಲೆ ಹುಲ್ಲು ಹಾಕಿದರೆ ನಾತ ನಿಲ್ಲುತ್ತದೆ, ಕೆದಕಿದರೆ ಮತ್ತೆ ಏಳುತ್ತದೆ ಎಂದು ಅಟ್ಠಕಥೆ ವಿವರಿಸುತ್ತದೆ.

ಇದರಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಒಪ್ಪಿಕೊಳ್ಳುವುದು ಮೊದಲು, ಹುಲ್ಲು ಆಮೇಲೆ. ಅಜ್ಜ ವಿನಯ ಓದಿದವರಲ್ಲ, ಆದರೆ ಅವರು ಕೇಳಿದ್ದು ಅದನ್ನೇ. ಮುಚ್ಚಲು ಅವರ ಅಡ್ಡಿಯಿಲ್ಲ. ಮುಚ್ಚಿದ ಜಾಗದಲ್ಲಿ ಏನೂ ಇರಲಿಲ್ಲ ಎನ್ನುವುದಕ್ಕೆ ಅಡ್ಡಿ. ಮುಸಾವಾದ ಇದ್ದದ್ದು ರದ್ದತಿಯ ಅರ್ಜಿಯಲ್ಲಲ್ಲ, ಆ ಮೂರನೆಯ ಪ್ಯಾರಾದಲ್ಲಿ. ಅದನ್ನೂ ಸುಳ್ಳು ಹೇಳುವ ಉಮೇದಿನಿಂದ ಯಾರೂ ಬರೆದಿರಲಿಲ್ಲ, ಹಳೇ ನಮೂನೆಯಿಂದ ಇಳಿದು ಬಂದಿತ್ತು. ಮೇಷ್ಟರಾಗಿ ನನಗೆ ನಮೂನೆಗಳ ಮೇಲೆ ಮೊದಲಿಂದಲೂ ಅನುಮಾನ. ಮಕ್ಕಳ ರಜೆ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಅಜ್ಜಿಯರು ಸಾಯುತ್ತಾರೆ ನೋಡಿ.

ವಕೀಲರು ತಕರಾರು ಮಾಡಲಿಲ್ಲ. ಆ ಸಾಲು ಹೊಡೆದುಹಾಕಿ, ನಡೆದ ಘಟನೆಯ ಬಗ್ಗೆ ಇಬ್ಬರೂ ಹಿರಿಯರ ಸಮಕ್ಷಮ ಬಗೆಹರಿಸಿಕೊಂಡಿದ್ದೇವೆ, ಮುಂದುವರಿಸಲು ಇಷ್ಟವಿಲ್ಲ ಎಂದು ಸೇರಿಸಿದರು. ತಪ್ಪೊಪ್ಪಿಗೆಯನ್ನು ಕಾಗದದಲ್ಲಿ ಹಾಕಲು ಬರುವುದಿಲ್ಲ, ಅದನ್ನು ಬಾಯಲ್ಲಿ ಹೇಳಲಿ ಎಂದರು. ಜಗಲಿಯ ಮೇಲೆ, ನಾಲ್ಕು ಜನರ ಮುಂದೆ ಅವನು ಹೇಳಿದ. “ನಾನೇ ಹೊಡೆದಿದ್ದು ದೊಡ್ಡಪ್ಪ.” ಅಷ್ಟು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಎಲ್ಲಕ್ಕೂ ಹುಲ್ಲು ಹೊದಿಸಲು ಬರುವುದಿಲ್ಲ. ಗಂಭೀರ ಆಪತ್ತಿಗಳು, ಗೃಹಸ್ಥರಿಗೆ ಸಂಬಂಧಿಸಿದ ಆಪತ್ತಿಗಳು ತಿಣವತ್ಥಾರಕದಿಂದ ಹೊರಗೆ. 2012ರಲ್ಲಿ ಸುಪ್ರೀಂ ಕೋರ್ಟು ಗ್ಯಾನ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಇಂಥದ್ದೇ. ಖಾಸಗಿ ಸ್ವರೂಪದ ವ್ಯಾಜ್ಯವನ್ನು ರಾಜಿಯ ಮೇಲೆ ಹೈಕೋರ್ಟು ರದ್ದು ಮಾಡಬಹುದು, ಕೊಲೆ ಅತ್ಯಾಚಾರಗಳಂಥವನ್ನು ಸಂತ್ರಸ್ತರ ಕಡೆಯವರು ಒಪ್ಪಿದರೂ ಮಾಡಬಾರದು. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿಯವರ ಮುಂದೆ ಬಂದ ಅರ್ಜಿಯನ್ನೂ ನೋಡಿ. ಹಳೇ ಆದೇಶವೊಂದರಲ್ಲಿರುವ ಮಗಳ ಹೆಸರು ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆಲ್ಲ ಸಿಗುತ್ತದೆ, ಮರೆಮಾಡಿ ಎಂದು ಒಬ್ಬ ತಂದೆ ಕೇಳಿದ್ದರು. ಸಾರ್ವಜನಿಕ ಹುಡುಕಾಟಕ್ಕೆ ಸಿಗದಂತೆ ಮಾಡಲು ಆದೇಶವಾಯಿತು. ಆದರೆ ದೃಢೀಕೃತ ನಕಲು ಕೇಳಿದರೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಹೇಳಿದರು. ಮೇಲೆ ಹುಲ್ಲು, ಕೆಳಗೆ ಕಡತ.

ಇನ್ನು ಅಂಗುಲಿಮಾಲ. ಪಸೇನದಿ ರಾಜ ಐನೂರು ಕುದುರೆ ಸವಾರರೊಂದಿಗೆ ಅವನನ್ನು ಹಿಡಿಯಲು ಹೊರಟವನು, ಭಿಕ್ಷುವಾಗಿ ಕೂತವನನ್ನು ಕಂಡು ಚೀವರ ಕೊಡುತ್ತೇನೆಂದ. ಸರ್ಕಾರ ಕೇಸು ವಾಪಸ್ ತೆಗೆದುಕೊಂಡಂತೆಯೇ. ಸಾವತ್ಥಿಯ ಬೀದಿ ವಾಪಸ್ ತೆಗೆದುಕೊಳ್ಳಲಿಲ್ಲ. ಭಿಕ್ಷೆಗೆ ಹೋದವನು ತಲೆ ಒಡೆದುಕೊಂಡು ರಕ್ತ ಸುರಿಸುತ್ತಾ ಬಂದಾಗ ಭಗವಾನರು, ಸಹಿಸಿಕೋ ಎಂದರು. ಹಾಗೆಂದು ರಾಜ ಅವನನ್ನು ಬಿಟ್ಟದ್ದು ತಪ್ಪು ಎಂದು ಎಲ್ಲೂ ಹೇಳಲಿಲ್ಲ. ಕರ್ಮಫಲ ಹೇಗೂ ಬರುತ್ತದೆ ಎನ್ನುವ ಕಾರಣಕ್ಕೆ ನಾವು ಒಬ್ಬನ ಹಳೇ ಕೇಸನ್ನು ಹಾಗೇ ಇಟ್ಟುಕೊಂಡು ಕಾಯಬೇಕಿಲ್ಲ. ಫಲ ಕೊಡುವ ಕೆಲಸಕ್ಕೆ ಯಾರೂ ನಮ್ಮನ್ನು ನೇಮಿಸಿಲ್ಲ.

ನಮ್ಮ ಡ್ರೈವರನ ಕೇಸು ರದ್ದಾಯಿತು. ಕಂಪನಿಯ ಫಾರಂ ಹಿಡಿದು ಬಂದ. “ಇನ್ನು ‘ಇಲ್ಲ’ ಅಂತ ಬರೀಬಹುದಲ್ವಾ ಮೇಷ್ಟ್ರೇ?” ಪ್ರಶ್ನೆ ಓದಿದೆ. ಕೇಸು ಬಾಕಿ ಇದೆಯೇ ಎಂದಿದ್ದರೆ ‘ಇಲ್ಲ’ ಎಂಬುದೇ ಸತ್ಯ. ಆದರೆ ಅದರಲ್ಲಿ ಎಂದಾದರೂ ಆರೋಪಿಯಾಗಿದ್ದಿರಾ ಎಂದಿತ್ತು. ಸರ್ಕಾರಿ ನೌಕರಿಯ ಬಗ್ಗೆ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಚಿಕ್ಕ ವಯಸ್ಸಿನ ಸಣ್ಣಪುಟ್ಟ ತಪ್ಪನ್ನು ಕ್ಷಮಿಸಬಹುದು, ಮಾಹಿತಿ ಮಾತ್ರ ನಿಜವಾಗಿರಬೇಕು ಎಂದಿದೆ. ನಿಜ ಹೇಳಿದ ಮೇಲೂ ಕೆಲಸ ಕೊಡಲೇಬೇಕೆಂದಿಲ್ಲ ಎಂದೂ ಇದೆ. ಎರಡನ್ನೂ ಅವನಿಗೆ ಹೇಳಿದೆ. ಒಂದು ದಿನ ಯೋಚಿಸಿ ‘ಹೌದು’ ಎಂದು ಬರೆದು, ರದ್ದತಿ ಆದೇಶದ ನಕಲು ಲಗತ್ತಿಸಿದ. ಆ ಕಂಪನಿ ಮತ್ತೆ ಕರೆಯಲಿಲ್ಲ. ಈಗ ಕೊಬ್ಬರಿ ಮಂಡಿಯೊಂದರ ಲಾರಿ ಓಡಿಸುತ್ತಾನೆ. ಸಂಬಳ ಕಡಿಮೆ.

ಒಂದು ಹಿಡಿ ಉಪ್ಪು ಬಟ್ಟಲ ನೀರಿಗೂ ಗಂಗೆಗೂ ಒಂದೇ ಅಲ್ಲ ಎನ್ನುವ ಅಂಗುತ್ತರ ನಿಕಾಯದ ಸುತ್ತ ನಮಗೆಲ್ಲ ಗೊತ್ತು. ಅದರಲ್ಲೇ ನಾವು ಅಷ್ಟಾಗಿ ಓದದ ಭಾಗವೊಂದಿದೆ. ಅರ್ಧ ಕಾಸಿಗಾಗಿ ಬಡವ ಸೆರೆಮನೆ ಸೇರುತ್ತಾನೆ, ಸಿರಿವಂತ ನೂರು ಕಾಸಿಗೂ ಸೇರುವುದಿಲ್ಲ. ವಕೀಲರ ಫೀಸು ಕೊಡಲಾಗದೆ ಇಂಥ ಕೇಸು ಹೊತ್ತು ತಿರುಗುವವರು ನಮ್ಮ ಕೇರಿಗಳಲ್ಲಿ ಬಹಳ ಮಂದಿ. ಗೊತ್ತಿರುವವರಿಗೆ ತಿಳಿಸಿ: 1987ರ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕೋರ್ಟುಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಸಹಾಯವಾಣಿ 15100.

ದೊಡ್ಡಪ್ಪ, ಮಗ ಈಗ ಮಾತಾಡುತ್ತಾರಾ ಎಂದು ಕೆಲವರು ಕೇಳಿದರು. ಹಬ್ಬಕ್ಕೆ ಊಟಕ್ಕೆ ಕರೆಯುವಷ್ಟು ಇಲ್ಲ. ಬದುವಿನ ಆ ಮರ ಇನ್ನೂ ಇದೆ. ಬಿದ್ದ ಕಾಯನ್ನು ಎರಡು ಮನೆಯವರೂ ಮುಟ್ಟುವುದಿಲ್ಲ. ದನ ಮೇಯಿಸುವ ಹುಡುಗರು ಎತ್ತಿಕೊಂಡು ಹೋಗುತ್ತಾರೆ.